ಹತ್ತರ ಪೋಡಿ

ನೆಟ್‌ವರ್ಕ್ಸ್ ಪೇಪರ್ ಬರೆದವರಿಗೆಲ್ಲ ಈ ಪ್ರಶ್ನೆ ಬಾಯಿಪಾಠ ಆಗಿರುತ್ತೆ. 192.168.10.0/24 ಕೊಟ್ಟಿದ್ದಾರೆ, ಒಂದು ವಿಭಾಗದಲ್ಲಿ 60 ಕಂಪ್ಯೂಟರ್, ಇನ್ನೊಂದರಲ್ಲಿ 28, ಮತ್ತೊಂದರಲ್ಲಿ 12, ಎರಡು ರೂಟರ್‌ಗಳ ನಡುವಿನ ಲಿಂಕ್‌ಗೆ 2. ಆದಷ್ಟು ಕಡಿಮೆ ವಿಳಾಸ ಪೋಲಾಗುವ ಹಾಗೆ ಹಂಚಿ. ದೊಡ್ಡದನ್ನು ಮೊದಲು ಎತ್ತಿಕೊಂಡು /26, /27, /28, /30 ಅಂತ ಕೆಳಗಿಳಿದರೆ ಉತ್ತರ ಬಂತು, ಮಾರ್ಕ್ಸೂ ಬಂತು. ಈ ಲೆಕ್ಕ ನಮಗೆ ಕಲಿಸೋದು ಒಂದೇ ಗುಣ: ಉಳಿತಾಯ.

ಪ್ರಾಜೆಕ್ಟ್‌ಗೆ ಅಂತ ನಾವು ನಾಲ್ಕು ಜನ ಮಲೆನಾಡಿನ ಒಂದು ಪತ್ತಿನ ಸಹಕಾರಿ ಸಂಘಕ್ಕೆ ಹೋದೆವು. ಸಂಘದ ಹೆಸರು ಇಲ್ಲಿ ಬೇಡ. 36 ಶಾಖೆ, ಮೂರು ವಲಯ ಕಚೇರಿ, ತಾಲ್ಲೂಕು ಕೇಂದ್ರದಲ್ಲಿ ಒಂದು ಪ್ರಧಾನ ಕಚೇರಿ. ಅಡಿಕೆ ಬೆಳೆಗಾರರ ಸಾಲ, ಅಂಗಡಿಯವರ ಪಿಗ್ಮಿ, ನಿವೃತ್ತ ಮೇಷ್ಟ್ರುಗಳ ಠೇವಣಿ, ಎಲ್ಲ ಅಲ್ಲೇ. ಶಾಖೆಯಿಂದ ವಲಯ ಕಚೇರಿಗೆ ಫೈಬರ್, ಅದು ಕಡಿದರೆ 4ಜಿ. ಹೊಸ ರೂಟರ್ ಖರೀದಿಗೆ ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟಾಗಿತ್ತು. ಪೆಟ್ಟಿಗೆಗಳು ಬರುವ ಮೊದಲು ಇಡೀ ಜಾಲಕ್ಕೆ ಹೊಸ ವಿಳಾಸಗಳ ಯೋಜನೆ ಮಾಡಿಕೊಡಬೇಕು, ಇಷ್ಟೇ ನಮ್ಮ ಕೆಲಸ.

ಸಂಘದ ಇಡೀ ಐಟಿ ವಿಭಾಗ ಅಂದ್ರೆ ಒಬ್ಬರೇ ಒಬ್ಬರು. ಶಾಖೆಗಳವರು ಅವರನ್ನ ಕಂಪ್ಯೂಟರ್ ಮೇಷ್ಟ್ರು ಅಂತಾರೆ, ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಪಾಸ್‌ಬುಕ್ ಪ್ರಿಂಟರ್‌ನ ರಿಬ್ಬನ್ ಸಿಕ್ಕಿಕೊಂಡರೂ ಅವರೇ, ಸರ್ವರ್ ನಿಂತರೂ ಅವರೇ. ಮೊದಲ ದಿನ ನಮಗೆ ಚಹಾ ಕೊಡಿಸಿ ಹೇಳಿದ್ದು ಇಷ್ಟು: "ನೀವು ಎಂತ ಬೇಕಾದ್ರೂ ಮಾಡಿ ಮಾರಾಯ್ರೆ. ಆದ್ರೆ ಆ ನಂಬರ್ ಫೋನಲ್ಲಿ ಹೇಳಕ್ಕೆ ಬರಬೇಕು, ಕೇಳಿದ ಕೂಡ್ಲೆ ಯಾವ ಶಾಖೆ, ಯಾವ ಮೇಜು ಅಂತ ನಂಗೆ ಗೊತ್ತಾಗಬೇಕು."

ಇದು ನಮ್ಮ ಸಿಲಬಸ್‌ನಲ್ಲಿ ಇಲ್ಲದ ಷರತ್ತು. ಯಾಕೆ ಹಾಗೆ ಕೇಳಿದರು ಅನ್ನೋದು ಇದ್ದ ಜಾಲವನ್ನು ನೋಡಿದಾಗ ತಿಳಿಯಿತು. ಹಿಂದೆ ರೂಟರ್ ಹಾಕಿಕೊಟ್ಟ ಗುತ್ತಿಗೆದಾರರು 36ರಲ್ಲಿ 29 ಶಾಖೆಗಳಿಗೆ ಒಂದೇ ವಿಳಾಸ ಕೊಟ್ಟು ಹೋಗಿದ್ದರು: 192.168.1.0/24. ಪೆಟ್ಟಿಗೆಯಿಂದ ತೆಗೆದಾಗ ರೂಟರ್‌ನಲ್ಲಿ ಏನಿತ್ತೋ ಅದೇ. 192.168.1.20 ಅಂದರೆ ಒಂದು ಶಾಖೆಯಲ್ಲಿ ಕ್ಯಾಷಿಯರ್‌ನ ಕಂಪ್ಯೂಟರ್, ಇನ್ನೊಂದರಲ್ಲಿ ಪ್ರಿಂಟರ್, ಮತ್ತೊಂದರಲ್ಲಿ ಕ್ಯಾಮೆರಾಗಳ ಡಿವಿಆರ್. ಒಂದೇ ಊರಿನಲ್ಲಿ 29 ಮನೆಗೆ ಒಂದೇ ನಂಬರ್ ಇದ್ದರೆ ಪೋಸ್ಟ್‌ಮ್ಯಾನ್ ಏನು ಮಾಡಬೇಕು? ಅದಕ್ಕೆ ಪ್ರತಿ ಶಾಖೆಯ ಬಾಗಿಲಲ್ಲೂ ನ್ಯಾಟ್ ಕೂರಿಸಿದ್ದರು. ಒಳಗಿನವರೆಲ್ಲ ಹೊರಗೆ ಬರುವಾಗ ಒಂದೇ ಮುಖವಾಡ ಹಾಕಿಕೊಂಡು ಬರಬೇಕು. ಪ್ರಧಾನ ಕಚೇರಿಗೆ ಶಾಖೆ ಕಾಣುತ್ತಿತ್ತು, ಶಾಖೆಯೊಳಗಿನ ಯಾವ ಯಂತ್ರವೂ ಕಾಣುತ್ತಿರಲಿಲ್ಲ.

ಕಾಣದಿದ್ದರೆ ಏನಂತೆ ಅಂದುಕೊಳ್ಳಬೇಡಿ. ಯಾವುದೋ ಒಂದು ಕಂಪ್ಯೂಟರ್‌ಗೆ ವೈರಸ್ ತಗುಲಿ ಲೈನ್ ಪೂರ್ತಿ ಕಸ ತುಂಬಿದರೆ, ಆ ಕಂಪ್ಯೂಟರ್ ಯಾವುದು ಅಂತ ಕೂತಲ್ಲಿಂದ ಹೇಳೋಕಾಗಲ್ಲ. ಮೇಷ್ಟ್ರು ಬೈಕ್ ತೆಗೆಯಬೇಕು. ಜುಲೈ ತಿಂಗಳಲ್ಲಿ, ಆ ಘಟ್ಟದ ರಸ್ತೆಯಲ್ಲಿ, ಐವತ್ತು ಕಿಲೋಮೀಟರ್. ಅವರು ತಲುಪುವ ತನಕ ಆ ಶಾಖೆಯ ಡೇ ಎಂಡ್ ಮುಗಿಯಲ್ಲ, ಅದು ಮುಗಿಯದೆ ಪ್ರಧಾನ ಕಚೇರಿಯ ಲೆಕ್ಕ ಮುಚ್ಚಲ್ಲ. ಜೊತೆಗೆ ಇನ್ನೊಂದು ಭಯ: ಕಡಿಮೆ ಬೆಲೆಯ ಡಿವಿಆರ್ ಮತ್ತು ಕ್ಯಾಷಿಯರ್‌ನ ಕಂಪ್ಯೂಟರ್ ಒಂದೇ ನೆಟ್‌ವರ್ಕ್‌ನಲ್ಲಿ ಅಕ್ಕಪಕ್ಕ ಕೂತಿದ್ದವು. ಡಿವಿಆರ್‌ನ ಪಾಸ್‌ವರ್ಡ್ ಯಾವತ್ತಾದರೂ ಯಾರಾದರೂ ಬದಲಾಯಿಸಿದ್ದಾರಾ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ವಿಳಾಸ ಎಲ್ಲಿಂದ ತರೋದು? ಇದಕ್ಕೊಂದು ಸಣ್ಣ ಇತಿಹಾಸ ಇದೆ. ಐಪಿ ನಾಲ್ಕನೇ ಆವೃತ್ತಿಯ ನಿಯಮಾವಳಿ ಬಂದದ್ದು 1981ರಲ್ಲಿ. ವಿಳಾಸಕ್ಕೆ 32 ಬಿಟ್, ಅಂದ್ರೆ ಸುಮಾರು 429 ಕೋಟಿ. ಆಗ ಅದು ಯಾವತ್ತೂ ಮುಗಿಯದ ಗಂಟು ಅನ್ನಿಸಿರಬೇಕು. ಎ, ಬಿ, ಸಿ ಅಂತ ಮೂರು ಅಳತೆಯ ತುಂಡುಗಳಲ್ಲಿ ಹಂಚಿದರು. ನೂರಿನ್ನೂರು ಕಂಪ್ಯೂಟರ್‌ಗೆ ಸಿ ಸಾಕು, ಮುನ್ನೂರಿದ್ದವನು 65 ಸಾವಿರದ ಬಿ ಕೇಳುತ್ತಿದ್ದ. 1993ರಲ್ಲಿ ಈ ವರ್ಗಗಳನ್ನೇ ಕಿತ್ತುಹಾಕಿ, ಗೆರೆ ಎಲ್ಲಿ ಬೇಕಾದರೂ ಎಳೆಯಬಹುದು ಅನ್ನೋ ಪದ್ಧತಿ ತಂದರು. ನಾವು ಬರೆಯುವ ಆ ಓರೆ ಗೀಟು, /24, /22, ಅಲ್ಲಿಂದ ಬಂದದ್ದು. 1996ರ ಆರ್‌ಎಫ್‌ಸಿ 1918 ಮೂರು ಜಾಗಗಳನ್ನು ಗೋಮಾಳದ ಹಾಗೆ ಬಿಟ್ಟುಕೊಟ್ಟಿತು: 10.0.0.0/8, 172.16.0.0/12, 192.168.0.0/16. ಇವನ್ನು ಯಾರು ಬೇಕಾದರೂ ತಮ್ಮ ಬೇಲಿಯೊಳಗೆ ಬಳಸಬಹುದು, ಇಂಟರ್ನೆಟ್‌ನಲ್ಲಿ ಮಾತ್ರ ಇವು ಓಡಾಡುವ ಹಾಗಿಲ್ಲ. ಇಷ್ಟೆಲ್ಲ ಉಳಿತಾಯ ಮಾಡಿದರೂ 2011ರ ಫೆಬ್ರವರಿ 3ರಂದು ಜಾಗತಿಕ ಉಗ್ರಾಣದ ಕೊನೆಯ ತುಂಡುಗಳೂ ಹಂಚಿಕೆಯಾಗಿ ಹೋದವು.

ನಾವು ಆರಿಸಿದ್ದು 10ನ್ನು. 192.168 ಬೇಡ, ಯಾಕಂದ್ರೆ ಮನೆಮನೆಯ ವೈಫೈ ಪೆಟ್ಟಿಗೆಗಳಲ್ಲಿ ಅದೇ ಇರುತ್ತೆ. ನಾಳೆ ಮೇಷ್ಟ್ರು ಮನೆಯಿಂದ ವಿಪಿಎನ್ ಹಾಕಿಕೊಂಡರೆ ಅವರ ಮನೆಯ ವಿಳಾಸವೂ ಶಾಖೆಯ ವಿಳಾಸವೂ ಡಿಕ್ಕಿ ಹೊಡೆಯುತ್ತವೆ. 172.16ರ ಗುಂಪು ಪರವಾಗಿಲ್ಲ, ಆದರೆ ಡಾಕರ್ ಹಾಕಿದ ಲಿನಕ್ಸ್ ಯಂತ್ರಗಳು ತಾವಾಗೇ 172.17ನ್ನು ಹಿಡಿದುಕೊಂಡು ಕೂರುತ್ತವೆ, ನಮ್ಮ ಹಾಸ್ಟೆಲ್‌ನಲ್ಲಿ ಅರ್ಧ ಜನರಿಗೆ ಇದು ಗೊತ್ತು. 10ರಲ್ಲಿ 1,67,77,216 ವಿಳಾಸ. ಸಂಘದಲ್ಲಿ ಇರುವ ಸಾಧನಗಳು ಏಳುನೂರು ಚಿಲ್ಲರೆ.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದ ಮೇಲೆ ಪರೀಕ್ಷೆಯ ಲೆಕ್ಕಕ್ಕೆ ಅರ್ಥವೇ ಉಳಿಯಲಿಲ್ಲ. ಏಳುನೂರು ಜನಕ್ಕೆ ಒಂದೂಮುಕ್ಕಾಲು ಕೋಟಿಯಷ್ಟು ಸೈಟು ಸಿಕ್ಕಿರುವಾಗ ಯಾರಾದರೂ ಅಂಗುಲ ಅಳೆಯುತ್ತಾ ಕೂರುತ್ತಾರಾ? ಪ್ರಶ್ನೆ ಎಷ್ಟು ಉಳಿಸೋದು ಅನ್ನೋದಲ್ಲ, ಎಲ್ಲಿ ಖಾಲಿ ಬಿಡೋದು ಅನ್ನೋದು.

ನಾವು ಸಬ್‌ನೆಟ್ ಅಂದಾಗಲೆಲ್ಲ ಮೇಷ್ಟ್ರು "ಪೋಡಿ" ಅನ್ನುತ್ತಿದ್ದರು. ಜಮೀನಿನ ಸರ್ವೆ ನಂಬರ್ ಒಡೆದು ಹಿಸ್ಸೆ ಮಾಡೋದಕ್ಕೆ ಕಂದಾಯ ಇಲಾಖೆಯ ಮಾತು ಅದು. 112 ಇದ್ದದ್ದು 112/1, 112/2 ಆಗುತ್ತೆ, ಮಕ್ಕಳ ಕಾಲಕ್ಕೆ 112/2ಎ. ಗೀಟು ಕೂಡ ಅದೇ ಓರೆ ಗೀಟು. ಹೋಲಿಕೆ ಪೂರ್ತಿ ಹೊಂದಲ್ಲ; ಪಹಣಿಯಲ್ಲಿ ಗೀಟಿನ ಆಚೆ ಇರೋದು ಹಿಸ್ಸೆಯ ಕ್ರಮಸಂಖ್ಯೆ, ಐಪಿಯಲ್ಲಿ ಅದು ಅಳತೆ. /24 ಅಂದರೆ ಮೊದಲ 24 ಬಿಟ್ ಊರಿನ ಹೆಸರು, ಉಳಿದ 8 ಬಿಟ್‌ನಲ್ಲಿ 256 ಮನೆ. ಆದರೂ ಒಂದು ವಿಷಯದಲ್ಲಿ ಮೇಷ್ಟ್ರ ಮಾತು ಸರಿ: ಪೋಡಿ ಮಾಡೋದು ಸುಲಭ, ಮತ್ತೆ ಒಟ್ಟು ಮಾಡೋದು ಕಷ್ಟ. 10.16.6.0/24 ಮತ್ತು 10.16.7.0/24 ಸೇರಿ ಒಂದು /23 ಆಗುತ್ತೆ. 10.16.7.0 ಮತ್ತು 10.16.8.0 ಪಕ್ಕಪಕ್ಕವೇ ಇದ್ದರೂ ಹಾಗೆ ಸೇರಲ್ಲ, ಅವೆರಡರ ನಡುವೆ ಎರಡರ ಗುಣಕದ ಗಡಿ ಬಿದ್ದಿದೆ. ಬದು ಒಡೆದರೂ ಒಂದಾಗದ ಗದ್ದೆ ಅಂತ ಮೇಷ್ಟ್ರು ನಕ್ಕರು.

ನಮ್ಮೊಳಗೆ ನಿಜವಾದ ಜಗಳ ಆದದ್ದು ಬೇರೆ ವಿಷಯಕ್ಕೆ. ವಿಳಾಸದಲ್ಲಿ ಮೊದಲು ಜಾಗ ಬರಬೇಕೋ, ಕೆಲಸ ಬರಬೇಕೋ? ನಮ್ಮಲ್ಲೊಬ್ಬಳ ವಾದ: ಕೌಂಟರ್ ಕಂಪ್ಯೂಟರ್‌ಗಳೆಲ್ಲ 10.1, ಪ್ರಿಂಟರ್‌ಗಳೆಲ್ಲ 10.2, ಕ್ಯಾಮೆರಾಗಳೆಲ್ಲ 10.3 ಅಂತ ಇಟ್ಟುಬಿಡೋಣ. ಆಗ ಕ್ಯಾಮೆರಾದಿಂದ ಸರ್ವರ್‌ಗೆ ಪ್ರವೇಶವಿಲ್ಲ ಅನ್ನೋ ನಿಯಮವನ್ನು ಒಂದೇ ಸಾಲಿನಲ್ಲಿ ಬರೆಯಬಹುದು. ಅವಳ ಮಾತಿನಲ್ಲಿ ತೂಕ ಇತ್ತು, ಭದ್ರತೆ ನೋಡಿಕೊಳ್ಳುವವರು ಎಲ್ಲ ಕಡೆ ಇದನ್ನೇ ಬಯಸುತ್ತಾರೆ. ಇನ್ನೊಬ್ಬನ ವಾದ: ದಾರಿ ಹುಡುಕೋದು ರೂಟರ್, ರೂಟರ್‌ಗೆ ಬೇಕಾದ್ದು ಜಾಗ. ಪಿನ್‌ಕೋಡ್ ನೋಡು ಅಂದ. 1972ರ ಆಗಸ್ಟ್ 15ರಿಂದ ಇವತ್ತಿನ ತನಕ ಅದು ನಡೆದುಕೊಂಡು ಬಂದಿರೋದೇ ಜಾಗದ ಕ್ರಮದಿಂದ. ದೆಹಲಿಯಲ್ಲಿ ಪತ್ರ ವಿಂಗಡಿಸುವವರಿಗೆ ಶಿವಮೊಗ್ಗದ ಬೀದಿಗಳು ಗೊತ್ತಿರಬೇಕಿಲ್ಲ. ಮೊದಲ ಅಂಕಿ 5 ಅಂದರೆ ದಕ್ಷಿಣದ ಚೀಲಕ್ಕೆ. 577 ನೋಡಿ ನಮ್ಮ ಕಡೆಗೆ ಕಳಿಸೋದು ಇನ್ನೊಬ್ಬರ ಕೆಲಸ. ಪತ್ರಕ್ಕೆ ಒಂದು ಅಂಕಿ, ವಿಮಾ ಕಂತಿಗೆ ಇನ್ನೊಂದು, ಮದುವೆ ಕರೆಯೋಲೆಗೆ ಮತ್ತೊಂದು ಅಂತ ಪಿನ್‌ಕೋಡ್ ಮಾಡಿದ್ದರೆ ಯಾವುದೂ ತಲುಪುತ್ತಿರಲಿಲ್ಲ.

ಎರಡು ದಿನ ಮಾತು ಬಿಟ್ಟ ಮೇಲೆ ಒಂದು ಒಪ್ಪಂದಕ್ಕೆ ಬಂದೆವು. ವಿಳಾಸದ ಮುಂಭಾಗ ಜಾಗಕ್ಕೆ, ಬಾಲ ಕೆಲಸಕ್ಕೆ. ಮೂರು ವಲಯಗಳಿಗೆ 10.16, 10.32, 10.48. ಮೂರನೇ ಅಂಕಿ ಶಾಖೆಯ ಕೋಡ್, ಪಾಸ್‌ಬುಕ್‌ನಲ್ಲಿ ಖಾತೆ ಸಂಖ್ಯೆಯ ಮೊದಲಿಗೆ ಈಗಾಗಲೇ ಅಚ್ಚಾಗಿರುವುದೇ. ಆ ಕೋಡ್‌ಗಳು ಮೇಷ್ಟ್ರಿಗೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತವೆ, ಕ್ಯಾಷಿಯರ್‌ಗಳಿಗೂ. ಏಳನೇ ಶಾಖೆ ಅಂದರೆ 10.16.7.0/24, ಇಪ್ಪತ್ತಮೂರನೇದು 10.32.23.0/24. ಒಳಗೆ ನಾಲ್ಕು ಸಮ ಭಾಗ, ತಲಾ /26. ಮೊದಲನೇದು ಕೌಂಟರ್‌ಗಳಿಗೆ, 64ರಿಂದ ಪ್ರಿಂಟರ್ ಮತ್ತು ಹಾಜರಾತಿ ಯಂತ್ರಕ್ಕೆ, 128ರಿಂದ ಕ್ಯಾಮೆರಾಗಳಿಗೆ. ನಾಲ್ಕನೇದು ಖಾಲಿ. ಅತಿ ದೊಡ್ಡ ಶಾಖೆಯಲ್ಲೂ ಇರೋದು ಒಂಬತ್ತು ಕೌಂಟರ್, ನಾವು ಇಟ್ಟ ಜಾಗ 62. ಪರೀಕ್ಷೆಯಲ್ಲಿ ಹೀಗೆ ಬರೆದರೆ ಸೊನ್ನೆ.

ಅವಳ ಬೇಡಿಕೆಯೂ ಬಿದ್ದುಹೋಗಲಿಲ್ಲ. ರೂಟರ್‌ನ ಆಕ್ಸೆಸ್ ಲಿಸ್ಟ್‌ನಲ್ಲಿ ವೈಲ್ಡ್‌ಕಾರ್ಡ್ ಮಾಸ್ಕ್ ಅಂತ ಒಂದಿದೆ ನೋಡಿ, ಸಬ್‌ನೆಟ್ ಮಾಸ್ಕ್‌ನ ಹಾಗೆ ಅದರ ಬಿಟ್‌ಗಳು ಸಾಲಾಗಿಯೇ ಇರಬೇಕು ಅಂತಿಲ್ಲ. 10.0.0.128 ಅಂತ ಬರೆದು ಮುಂದೆ 0.255.255.63 ಅಂತ ಹಾಕಿದರೆ, ಎರಡನೇ ಮತ್ತು ಮೂರನೇ ಅಂಕಿ ಏನಾದರೂ ಇರಲಿ, ಕೊನೆಯದು 128ರಿಂದ 191ರ ಒಳಗಿದ್ದರೆ ಹಿಡಿ ಅಂತ ಅರ್ಥ. 36 ಶಾಖೆಗಳ ಎಲ್ಲ ಕ್ಯಾಮೆರಾಗಳೂ ಒಂದೇ ಸಾಲಿಗೆ ಸಿಕ್ಕಿಬಿದ್ದವು. ಎಲ್ಲ ಫೈರ್‌ವಾಲ್‌ಗಳೂ ಇದಕ್ಕೆ ಒಪ್ಪಲ್ಲ, ಈ ರೂಟರ್‌ಗಳು ಒಪ್ಪಿದವು. ಇದನ್ನು ಕಂಡುಹಿಡಿದವಳೂ ಅವಳೇ ಅನ್ನೋದನ್ನ ಇಲ್ಲಿ ದಾಖಲಿಸದಿದ್ದರೆ ನಮಗೆ ಮುಂದಿನ ಚಹಾ ಸಿಗಲ್ಲ.

ವಲಯ ಹೇಗೆ ಗುರುತಿಸೋದು ಅನ್ನೋದರಲ್ಲೂ ಸ್ವಲ್ಪ ತಲೆ ಕೆಡಿತು. ಕಾರ್ಯದರ್ಶಿಗಳು ಜಿಲ್ಲೆ ಪ್ರಕಾರ ಮಾಡಿ ಅಂದರು. ಆದರೆ ಒಂದು ಶಾಖೆ ಕಾಗದದ ಮೇಲೆ ಒಂದು ಜಿಲ್ಲೆಗೆ ಸೇರಿದ್ದು, ಅದರ ಫೈಬರ್ ಮಾತ್ರ ಘಟ್ಟದ ಆಚೆ ಪಕ್ಕದ ಜಿಲ್ಲೆಯ ವಲಯ ಕಚೇರಿಗೆ ಹೋಗುತ್ತೆ. ಜಿಲ್ಲೆಗಳೂ ಶಾಶ್ವತ ಅಲ್ಲ, 2021ರಲ್ಲಿ ಬಳ್ಳಾರಿ ಒಡೆದು ವಿಜಯನಗರ ಆಗಲಿಲ್ವಾ? ಹಾಗಾಗಿ ತಂತಿ ಎಲ್ಲಿಗೆ ಹೋಗುತ್ತೋ ವಿಳಾಸವೂ ಅಲ್ಲಿಗೇ ಅಂತ ತೀರ್ಮಾನಿಸಿದೆವು. ವಿಳಾಸಗಳು ತಂತಿಯನ್ನು ಅನುಸರಿಸಿದರೆ ಮಾತ್ರ ವಲಯ ಕಚೇರಿಯ ರೂಟರ್ ತನ್ನ ಹಿಂದಿನ ಎಲ್ಲ ಶಾಖೆಗಳನ್ನು ಒಟ್ಟುಗೂಡಿಸಿ "10.16.0.0/16 ಪೂರ್ತಿ ನನ್ನ ಕಡೆ" ಅಂತ ಒಂದೇ ಮಾತು ಹೇಳಬಹುದು. ಪ್ರಧಾನ ಕಚೇರಿಯ ಪಟ್ಟಿಯಲ್ಲಿ 36 ಶಾಖೆಗಳ ಬದಲು ಮೂರು ಸಾಲು. ಇಷ್ಟು ಸಣ್ಣ ಜಾಲದಲ್ಲಿ ರೂಟರ್‌ಗೇನೂ ಭಾರ ಇಳಿಯಲ್ಲ, 36 ಸಾಲು ಅದಕ್ಕೆ ಲೆಕ್ಕವೇ ಅಲ್ಲ. ಭಾರ ಇಳಿಯೋದು ಪರದೆ ನೋಡುವ ಮನುಷ್ಯನಿಗೆ. ಒಂದು ಶಾಖೆಯ ಫೈಬರ್ ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಹೋಗಿ ಬಂದರೂ ಆ ಗದ್ದಲ ವಲಯ ಕಚೇರಿಯಲ್ಲೇ ನಿಲ್ಲುತ್ತೆ.

ಫೈಬರ್ ಪೂರ್ತಿ ಕಡಿದಾಗ 4ಜಿ ಎದ್ದು ನಿಂತು ನೇರ ಪ್ರಧಾನ ಕಚೇರಿಗೆ ಸುರಂಗ ಕೊರೆಯುತ್ತೆ, "10.16.7.0/24 ಇಲ್ಲಿದೆ" ಅನ್ನುತ್ತೆ. ವಲಯ ಕಚೇರಿ ಇನ್ನೂ 10.16.0.0/16 ನನ್ನದು ಅನ್ನುತ್ತಲೇ ಇರುತ್ತೆ. ಇಬ್ಬರಲ್ಲಿ ಯಾರ ಮಾತು ನಡೆಯಬೇಕು? ಹೆಚ್ಚು ನಿಖರವಾಗಿ ಹೇಳಿದವರದ್ದು. /24ರ ಮುಂದೆ /16 ಸೋಲುತ್ತೆ. ಪುಸ್ತಕದಲ್ಲಿ ಲಾಂಗೆಸ್ಟ್ ಪ್ರಿಫಿಕ್ಸ್ ಮ್ಯಾಚ್ ಅಂತ ಓದಿ ಎರಡು ಮಾರ್ಕ್ಸ್‌ಗೆ ಬರೆದಿದ್ದೆವು. ಫೈಬರ್ ಕೇಬಲ್ ಕೈಯಾರೆ ಕಿತ್ತು, ಕೌಂಟರ್‌ನಲ್ಲಿ ಪಾಸ್‌ಬುಕ್ ಎಂಟ್ರಿ ಕೆಲವೇ ಸೆಕೆಂಡ್ ತಡೆದು ಮತ್ತೆ ಮುಂದುವರಿದದ್ದನ್ನು ನೋಡಿದಾಗ ಅದರ ರುಚಿಯೇ ಬೇರೆ.

ರೂಟರ್‌ಗಳ ನಡುವಿನ ಲಿಂಕ್‌ಗಳಿಗೆ 10.255 ಬೇರೆ ಇಟ್ಟೆವು. ಎರಡೇ ತುದಿ ಇರೋ ಲಿಂಕ್‌ಗೆ /31 ಸಾಕು ಅಂತ 2000ದಿಂದಲೇ ನಿಯಮ ಇದೆ, ಆದರೂ /30 ಹಾಕಿದೆವು, ಕಾರಣ ಲೆಕ್ಕ ಸುಲಭ: ಶಾಖೆಯ ಕೋಡನ್ನು ನಾಲ್ಕರಿಂದ ಗುಣಿಸು. ಏಳನೇ ಶಾಖೆಗೆ 10.255.16.28. ವಲಯದ ತುದಿ 29, ಶಾಖೆಯ ತುದಿ 30. ಕೋಡ್ 63 ದಾಟುವ ತನಕ ಈ ಉಪಾಯ ನಡೆಯುತ್ತೆ.

ವಲಯಗಳಿಗೆ 16, 32, 48 ಅಂತ ಯಾಕೆ ಜಿಗಿದಿರಿ, 1, 2, 3 ಇರಲಿಲ್ವಾ ಅಂತ ಆಡಳಿತ ಮಂಡಳಿಯ ಹಿರಿಯರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಪ್ರತಿ ವಲಯದ ಪಕ್ಕ ಹದಿನೈದು ಜಾಗ ಖಾಲಿ ಇದೆ. ಎಷ್ಟೇ ಬೆಳೆದರೂ 10.16.0.0/12 ಅಂತ ಒಂದೇ ಬೇಲಿಯೊಳಗೆ ಬರುತ್ತೆ. 10.0ರಿಂದ 10.15ರವರೆಗೆ ಬೇಕಂತಲೇ ಮುಟ್ಟಿಲ್ಲ, ಯಾಕಂದ್ರೆ 10 ಸಿಕ್ಕವರೆಲ್ಲ ಶುರು ಮಾಡೋದು ಅಲ್ಲಿಂದಲೇ. ನಾಳೆ ಬೇರೆ ಯಾರ ಜಾಲವಾದರೂ ನಿಮ್ಮದಕ್ಕೆ ಸೇರಿದರೆ ಡಿಕ್ಕಿ ಆಗಬಾರದು. ಹಿರಿಯರು ಪಕ್ಕದವರ ಮುಖ ನೋಡಿದರು. ನಮಗೆ ಅರ್ಥ ಆಗಲಿಲ್ಲ.

ಅರ್ಥ ಆದದ್ದು ಆರು ವಾರದ ನಂತರ. ಪಕ್ಕದ ಸಣ್ಣ ಸಂಘವೊಂದು ನಷ್ಟದಲ್ಲಿತ್ತು, ಅದರ ಐದು ಶಾಖೆಗಳನ್ನು ಇವರು ವಿಲೀನ ಮಾಡಿಕೊಳ್ಳುವ ಮಾತು ಆಗಲೇ ನಡೆದಿತ್ತಂತೆ. ಠೇವಣಿ ಇಟ್ಟವರು ದಿನಾ ಬಾಗಿಲಿಗೆ ಬಂದು ಕೇಳುವ ಪರಿಸ್ಥಿತಿ. ವಿಲೀನದ ದಿನ ಗೊತ್ತಾಯಿತು, ಮರುದಿನದಿಂದ ಆ ಐದು ಶಾಖೆಗಳ ಕೌಂಟರ್‌ಗಳು ಈ ಸರ್ವರ್‌ನಿಂದ ಹಣ ಕೊಡಬೇಕು. "ಆವತ್ತು ಸರ್ವರ್ ಇಲ್ಲ ಅಂತ ಬೋರ್ಡ್ ಹಾಕಿದ್ರೆ ಜನ ನಂಬ್ತಾರಾ?" ಅಂದರು ಮೇಷ್ಟ್ರು. ಅವರ ಧ್ವನಿ ಹಾಗೆ ಕೇಳಿದ್ದು ನಾವು ಅದೊಂದೇ ಸಲ.

ಹೋಗಿ ನೋಡಿದರೆ ಐದೂ ಶಾಖೆಗಳು ಸ್ವಿಚ್‌ಗೆ ಸ್ವಿಚ್ ಕಟ್ಟಿದ ಹಾಗೆ ಒಂದೇ ನೆಟ್‌ವರ್ಕ್. ವಿಳಾಸಗಳು 10.0.0.1ರಿಂದ ಶುರುವಾಗಿ ತೊಂಬತ್ತರ ಆಸುಪಾಸಿಗೆ ಮುಗಿದಿದ್ದವು. ಮಾಸ್ಕ್ 255.0.0.0. ವಿಳಾಸಗಳೇನೋ ನಮ್ಮ ಯಾವುದಕ್ಕೂ ತಾಗಲಿಲ್ಲ, ಖಾಲಿ ಬಿಟ್ಟ ಜಾಗದಲ್ಲೇ ಬಿದ್ದಿದ್ದವು. ಆದರೆ ಆ ಮಾಸ್ಕ್! ಅಲ್ಲಿನ ಪ್ರತಿ ಕಂಪ್ಯೂಟರ್‌ಗೂ 10 ಅಂತ ಶುರುವಾಗುವ ಪ್ರಪಂಚವೆಲ್ಲ ತನ್ನ ಅಂಗಳ. 10.64ರಲ್ಲಿರುವ ನಮ್ಮ ಸರ್ವರ್‌ಗೆ ಹೋಗಬೇಕಾದರೆ ಅದು ರೂಟರ್‌ನ ಕೇಳೋದೇ ಇಲ್ಲ, ಅಂಗಳದಲ್ಲಿ ನಿಂತು ಹೆಸರು ಹಿಡಿದು ಕೂಗುತ್ತೆ. ನೂರು ಕಿಲೋಮೀಟರ್ ಆಚೆ ಇರೋ ಸರ್ವರ್‌ಗೆ ಆ ಕೂಗು ಕೇಳುತ್ತಾ?

ಎಲ್ಲ ಕಂಪ್ಯೂಟರ್‌ಗಳ ಮಾಸ್ಕ್ ಒಂದೇ ರಾತ್ರಿಯಲ್ಲಿ ಬದಲಾಯಿಸೋದು ನಾಲ್ಕು ಜನರ ಕೈಲಿ ಆಗದ ಮಾತು. ಕೈ ಹಿಡಿದದ್ದು ಪ್ರಾಕ್ಸಿ ಎಆರ್‌ಪಿ ಅನ್ನೋ ಹಳೆಯ ತಂತ್ರ. ಅಂಗಳದಲ್ಲಿ ಯಾರಾದರೂ ಬೇರೆ ಊರಿನವರ ಹೆಸರು ಕೂಗಿದರೆ ರೂಟರ್ ತಾನೇ "ಓ" ಅನ್ನುತ್ತೆ, ಪೊಟ್ಟಣ ಇಸಿದುಕೊಂಡು ಮುಂದೆ ದಾಟಿಸುತ್ತೆ. ಸಬ್‌ನೆಟ್ ಅಂದರೆ ಏನು ಅಂತಲೇ ಗೊತ್ತಿಲ್ಲದ ಯಂತ್ರಗಳಿಗಾಗಿ 1987ರಲ್ಲಿ ಬರೆದಿಟ್ಟ ಉಪಾಯ ಅದು. ಸಾಮಾನ್ಯವಾಗಿ ಇದನ್ನು ಆಫ್ ಮಾಡಿಡಿ ಅನ್ನುತ್ತಾರೆ, ತಪ್ಪು ಮಾಸ್ಕ್‌ಗಳು ಇದರ ನೆರಳಲ್ಲಿ ವರ್ಷಗಟ್ಟಲೆ ಅಡಗಿ ಕೂರುತ್ತವೆ ಅಂತ. ನಮಗೆ ಬೇಕಾಗಿದ್ದದ್ದು ಒಂದು ತಿಂಗಳ ನೆರಳು. ವಿಲೀನದ ಮರುದಿನ ಬೆಳಿಗ್ಗೆ ಹತ್ತಕ್ಕೆ ಐದೂ ಶಾಖೆಗಳಲ್ಲಿ ಕೌಂಟರ್ ತೆರೆಯಿತು. ಮೊದಲ ಗಂಟೆಯಲ್ಲಿ ಸಾಲು ರಸ್ತೆಯ ತನಕ ಇತ್ತು, ಮಧ್ಯಾಹ್ನಕ್ಕೆ ಕರಗಿತು. ದುಡ್ಡು ತೆಗೆದ ಕೆಲವರು ಸಂಜೆ ಮತ್ತೆ ಬಂದು ಕಟ್ಟಿ ಹೋದರು ಅಂತ ಕ್ಯಾಷಿಯರ್ ಹೇಳಿದರು.

ಆಮೇಲೆ ನಿಧಾನವಾಗಿ ಒಂದೊಂದೇ ಶಾಖೆಯನ್ನು ಎರಡನೇ ಶನಿವಾರ, ಭಾನುವಾರಗಳಲ್ಲಿ ಬಿಡಿಸಿ 10.80ಕ್ಕೆ ತಂದೆವು, ಕೋಡ್ 37ರಿಂದ 41. ನಾಲ್ಕು ಆಗಿದೆ. 41ನೇದು ಉಳಿದಿದೆ, ಅಲ್ಲಿನ ಹಾಜರಾತಿ ಯಂತ್ರದ ಪಾಸ್‌ವರ್ಡ್ ಯಾರ ಹತ್ತಿರವೂ ಇಲ್ಲ. ಅದೊಂದಕ್ಕಾಗಿ ಪ್ರಾಕ್ಸಿ ಎಆರ್‌ಪಿ ಇನ್ನೂ ಆನ್ ಇದೆ.

ಈಗ ನಮ್ಮ ಹಾಳೆಯಲ್ಲಿ ಐಪಿ ಆರನೇ ಆವೃತ್ತಿಗೆ ಅಂತ ಇನ್ನೊಂದು ಕಾಲಂ ಎಳೆದಿದ್ದೇವೆ. ಒಂದು /48 ಸಿಕ್ಕರೆ ಅದರಲ್ಲಿ 65,536 ಸಬ್‌ನೆಟ್, ಒಂದೊಂದರಲ್ಲೂ ಎಣಿಸಲಾಗದಷ್ಟು ವಿಳಾಸ. ವಲಯ, ಶಾಖೆ, ಕೆಲಸ ಮೂರನ್ನೂ ಅದರೊಳಗೆ ಆರಾಮಾಗಿ ಕೂರಿಸಬಹುದು. ಮೇಷ್ಟ್ರಿಗೆ ತೋರಿಸಿದೆವು. ಕನ್ನಡಕ ಮೇಲೆ ಮಾಡಿ, ಎಂಟು ಗುಂಪುಗಳ ಆ ಉದ್ದ ಸಾಲನ್ನು ಬೆರಳಿಟ್ಟು ಕೊನೆಯ ತನಕ ಓದಿದರು. "ಇದನ್ನ ಫೋನಲ್ಲಿ ಹೆಂಗೆ ಹೇಳೋದು?" ಅಂದರು. ಪ್ರತಿ ಯಂತ್ರಕ್ಕೂ ಶಾಖೆ ಕೋಡ್ ಸೇರಿಸಿ ಹೆಸರಿಟ್ಟು, ಡಿಎನ್‌ಎಸ್‌ನಲ್ಲಿ ಬರೆದುಬಿಡೋಣ ಅಂತ ನಾವು. ಹೆಸರುಗಳ ಪಟ್ಟಿ ಮಾಡ್ತಾ ಇದ್ದೇವೆ, ಇಪ್ಪತ್ತೆರಡು ಶಾಖೆ ಮುಗಿದಿದೆ.